ಐಡಿ ಫ್ಯಾನ್ ಬ್ಯಾಲೆನ್ಸ್ ಮಾಡಿದ ಹತ್ತ ದಿನಕ್ಕ ಮತ್ತ ನಡಗತೈತಿ – ಅನುಭವ ಇದ್ದವರು ಹೇಳ್ರಿ

ಮುಧೋಳ ಬಾಯ್ಲರ್:
ನಮಸ್ಕಾರರಿ. ಸಕ್ಕರಿ ಕಾರ್ಖಾನಿ, ಬಗ್ಯಾಸ್ (ಕಬ್ಬಿನ ಸಿಪ್ಪಿ) ಸುಡೋ ಬಾಯ್ಲರಿನ ಐಡಿ ಫ್ಯಾನ್, ಅಂದ್ರ ಹೊಗಿ ಎಳದು ಚಿಮಣಿಗೆ ದೂಡೋ ಫ್ಯಾನ್. 250 ಕಿಲೋವ್ಯಾಟ್, 990 ಆರ್‌ಪಿಎಂ. ವೆಟ್ ಸ್ಕ್ರಬ್ಬರ್ (ನೀರ ಸಿಂಪಡಿಸಿ ಹೊಗಿಯಾಗಿನ ಬೂದಿ ತಗಿಯೂದು) ದಾಟಿದ ಗ್ಯಾಸ್ ಫ್ಯಾನಿಗೆ ಬರತೈತಿ. ಈ ಸೀಸನ್ನಿನಾಗ ಮೂರ ಸಲ ಬ್ಯಾಲೆನ್ಸ್ (ತಿರಗೋ ಚಕ್ರದ ತೂಕ ಸುತ್ತಲೂ ಸಮ) ಮಾಡ್ಸೀವಿ. ಮಾಡಿದ ದಿನ ನಡುಕ 2.1 ಎಂಎಂ/ಸೆಕೆಂಡ್, ಹತ್ತ-ಹನ್ನೆರಡ ದಿನಕ್ಕ 8, 9. ಅಡ್ಡ ದಿಕ್ಕಿನಾಗ ಜಾಸ್ತಿ, ಬರೇ 1ಎಕ್ಸ್, ಅಂದ್ರ ಸುತ್ತಿಗೊಂದ ಸಲ ನಡುಕ. ಸಾಹೇಬ್ರು ಹೊಸಾ ಇಂಪೆಲ್ಲರ್ (ಬ್ಲೇಡ್ ಇರೋ ಚಕ್ರ) ತರಸೂಣು ಅಂತಾರ. ತರಸಬೇಕೋ ಬ್ಯಾಡೋ?

ಗಂಗಾವತಿ ಮಿಲ್:
ಹೊಸಾ ಇಂಪೆಲ್ಲರ್ ಅಂದಕೂಡ್ಲೆ ನನ್ನ ಹೊಟ್ಟಿ ಉರೀತು. ನಮ್ಮದು ರೈಸ್ ಮಿಲ್, ಭತ್ತದ ಹೊಟ್ಟು ಸುಡೋ ಬಾಯ್ಲರ್. ಆ ಬೂದಿಯಾಗ ಬಹುಪಾಲು ಸಿಲಿಕಾ. ಮರಳು ಹೊಡದಂಗ ಬ್ಲೇಡ್ ತಿಂದ ಹಾಕತೈತಿ. ಮೊದಲು ಹಾರ್ಡ್‌ಫೇಸಿಂಗ್ (ಬ್ಲೇಡ್ ಮ್ಯಾಲೆ ಗಟ್ಟಿ ಲೋಹದ ವೆಲ್ಡಿಂಗ್) ಮಾಡ್ಸಿದೆ. ರಾಡಿಗೆ 9,400, ವೆಲ್ಡರಿಗೆ 6,000. ಪುಣ್ಯಾತ್ಮ ಒಂದ ಬ್ಲೇಡಿಗೆ ದಪ್ಪ, ಒಂದಕ್ಕ ತೆಳ್ಳಗ ಬಳದಿದ್ದ, ದ್ವಾಸಿಗೆ ಹಿಟ್ಟು ಹಾಕಿದಂಗ. ಬ್ಯಾಲೆನ್ಸಿಂಗಿಗೆ 18,000, ಮ್ಯಾಲೆ ಜಿಎಸ್‌ಟಿ, ಲಾಡ್ಜು, ಊಟ. ನಾಲ್ಕ ತಿಂಗಳಿಗೆ ಮತ್ತ ಅದ ಹಾಡು. ಕಡೀಕ 1,85,000 ಕೊಟ್ಟು ಹೊಸಾ ಇಂಪೆಲ್ಲರ್ ತಂದೆ. ಕೂಡ್ಸಿದ ದಿನಾನ 11 ಎಂಎಂ! ಬಿಚ್ಚಿ ನೋಡಿದ್ರ ಹಬ್ಬಿನ ಬೋರ್ (ಇಂಪೆಲ್ಲರಿನ ನಡುವ ಶಾಫ್ಟ್ ಕೂಡೋ ತೂತು) ಶಾಫ್ಟಿಗಿಂತ 80 ಮೈಕ್ರಾನ್ ದೊಡ್ಡದು. ಮಾಡಿಕೊಟ್ಟಾವ ಫೋನ್ ಎತ್ತಲಿಲ್ಲ. ಲಾರಿ ಬಾಡಗಿ ಹೋಗಾಕ 4,500, ಬರಾಕ 4,500. ತರಸಬ್ಯಾಡ್ರಿ.

ಹುಬ್ಬಳ್ಳಿ ಬ್ಯಾಲೆನ್ಸಿಂಗ್:
18,000ಕ್ಕ ಕರಸಿದ್ರ 18,000ದ ಕೆಲಸಾನ ಆಗೂದು. ಹಬ್ ಲೂಸ್ ಇದ್ದದ್ದನ್ನ ಡಯಲ್ ಗೇಜ್ ಹಚ್ಚಿ ನೋಡದ ದುಡ್ಡ ಕೊಟ್ಟದ್ದು ನಿಮ್ಮ ತಪ್ಪು, ಬ್ಯಾಲೆನ್ಸಿಂಗಿನವರದಲ್ಲ.
ಲೆಕ್ಕ ಹೇಳ್ತೀನಿ ಕೇಳ್ರಿ. 1,200 ಕಿಲೋದ ರೋಟರ್, 990 ಆರ್‌ಪಿಎಂ, ಜಿ 6.3 ದರ್ಜೆ (ಬ್ಯಾಲೆನ್ಸ್ ಎಷ್ಟ ನಿಖರ ಇರಬೇಕು ಅನ್ನೋ ಅಳತಿ) ಅಂದ್ರ 900 ಎಂಎಂ ತ್ರಿಜ್ಯದಾಗ ಬಾಕಿ ಉಳೀಬಹುದಾದ ತೂಕದ ಏರುಪೇರು ಸುಮಾರು 80 ಗ್ರಾಂ. ಅದ ಜಾಗದಾಗ ಅರ್ಧ ಕಿಲೋ ಬೂದಿ ಕುಂತ್ರ ಶಾಫ್ಟಿನ ಮ್ಯಾಲೆ ಸುಮಾರು 490 ಕಿಲೋ ಎಳತ ಬೀಳತೈತಿ, ಅದೂ ಸೆಕೆಂಡಿಗೆ ಹದಿನಾರು ಸುತ್ತು. ನಾವು 80 ಗ್ರಾಮಿನ ಒಳಗ ತಂದು ಕೊಟ್ಟು ಹೋಗ್ತೀವಿ. ಆಮ್ಯಾಲೆ ನಿಮ್ಮ ಬೂದಿ ಕುಂದ್ರೂದಕ್ಕ ನಾವೇನ ಹೊಣೇನು?

ಕುಡ್ಲ ಮಸ್ಕತ್:
ಎಲ್ಲರೂ ಇಂಪೆಲ್ಲರಿಗೇ ಬಯ್ಯುವುದು ಮಾರಾಯ್ರೇ. ನಮ್ಮ ಪ್ಲಾಂಟಿನಲ್ಲಿ ಎರಡು ವರ್ಷ ಇದೇ ಗಲಾಟೆ. ವಿಎಫ್‌ಡಿ (ಕರೆಂಟಿನ ಹರ್ಟ್ಜ್ ಬದಲಿಸಿ ಸ್ಪೀಡ್ ಬದಲಿಸುವ ಡ್ರೈವ್) ಇರುವ ಫ್ಯಾನ್, ಡ್ರೈವ್ 41 ಹರ್ಟ್ಜ್ ಹತ್ತಿರ ಬಂದರೆ ನಡುಕ 14 ಎಂಎಂ, 46ಕ್ಕೆ ಹೋದರೆ 3. ಬ್ಯಾಲೆನ್ಸ್ ಮಾಡಿದವರೆಲ್ಲ ಒಂದೊಂದು ತುಂಡು ಬೆಸೆದು ಹೋಗಿದ್ದರು, ಒಟ್ಟು 600 ಗ್ರಾಂ! ಸ್ಪೀಡ್ ಸ್ವಲ್ಪ ಬದಲಾದರೆ ಫೇಸ್ (ಭಾರ ಯಾವ ಕೋನದಲ್ಲಿ ಉಂಟೆಂದು ತೋರಿಸುವುದು) 70-80 ಡಿಗ್ರಿ ಓಡುತ್ತಿತ್ತು, ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಫ್ಯಾನ್ ನಿಲ್ಲಿಸಿ ರಬ್ಬರ್ ಸುತ್ತಿಗೆಯಿಂದ ಪೆಡೆಸ್ಟಲಿಗೆ (ಬೇರಿಂಗ್ ಕೂರುವ ಪೀಠ) ಬಡಿದು ನೋಡಿದೆ. ಅದರ ಸ್ವಂತ ಕಂಪನ 13.5 ಹರ್ಟ್ಜ್. ಅಂದರೆ 810 ಆರ್‌ಪಿಎಂ, ಡ್ರೈವ್ 41 ಹರ್ಟ್ಜ್ ಹತ್ತಿರ ಇದ್ದಾಗ ನಾವು ಓಡಿಸುವ ಸ್ಪೀಡೇ. ರೆಸೊನೆನ್ಸ್, ಎರಡೂ ಒಂದೇ ತಾಳಕ್ಕೆ ಸೇರಿ ನಡುಕ ಹೆಚ್ಚುವುದು. ಪೆಡೆಸ್ಟಲಿನ ಒಳಗೆ ಸ್ಟಿಫ್‌ನರ್ ವೆಲ್ಡ್ ಬಿರುಕು ಬಿಟ್ಟದ್ದು ಉಂಟು. ಗಸ್ಸೆಟ್ (ಬಲ ಕೊಡುವ ಮೂಲೆ ಪಟ್ಟಿ) ಹಾಕಿಸಿ, ಡ್ರೈವಿನಲ್ಲಿ 38ರಿಂದ 44 ಹರ್ಟ್ಜ್ ನಿಲ್ಲದ ಹಾಗೆ ಮಾಡಿ ಬಂದೆ. ಆ ವರ್ಷ ನನಗೆ ಇನ್‌ಕ್ರಿಮೆಂಟ್ ಸಿಗಲಿಲ್ಲ, ಅದು ಬೇರೆ ಕತೆ.

ಮುಧೋಳ ಬಾಯ್ಲರ್:
ಸರ್, ನಮ್ಮದಕ್ಕ ವಿಎಫ್‌ಡಿ ಇಲ್ಲರಿ. ಡ್ಯಾಂಪರ್ (ಗಾಳಿ ತಡಿಯೋ ಬಾಗಲಾ) ಐತಿ.

ಸುಣ್ಣದಕಲ್ಲು ಕಲಬುರಗಿ:
ಸಿಮೆಂಟ್‌ನಾಗ ಇಪ್ಪತ್ತೆರಡು ವರ್ಷ ಕಳ್ದೀನಿ. ನನಗೊಂದು ಪಾಠ ಕಲಿಸಿದ್ದು ಏರೋಫಾಯಿಲ್ ಬ್ಲೇಡ್, ಅಂದ್ರ ಒಳಗ ಪೊಳ್ಳು ಇರೋದು. ಫ್ಯಾನ್ ಒಂದೊಂದು ಸಲ ಸ್ಟಾರ್ಟ್ ಮಾಡಿದಾಗ ಒಂದೊಂದು ರೀಡಿಂಗ್. ಬೆಳಗ್ಗೆ 3, ಮಧ್ಯಾಹ್ನ 12. ಫೇಸ್ ಕುದ್ರಿ ಓಡಿದಂಗ ಓಡ್ತಿತ್ತು. ನಾಲ್ಕು ಮಂದಿ ಬಂದು ಹೋದ್ರು. ಕೊನಿಗೆ ನಮ್ಮ ಹೆಲ್ಪರ್ ಹುಡುಗ, ಐಟಿಐ ಮುಗಿಸಿ ಆರು ತಿಂಗಳು ಆಗಿತ್ತು, ಬ್ಲೇಡ್ ಬಡಿದು ‘ಒಂದರ ಸದ್ದು ಮಂದ ಐತಿ ಸರ್’ ಅಂದ. ಸವೆದು ಸಣ್ಣ ತೂತು ಬಿದ್ದು ಒಳಗ ಧೂಳು ತುಂಬಿತ್ತು, 1.3 ಕಿಲೋ. ಹೊರಗಿಂದ ಎಷ್ಟು ತೊಳೆದ್ರೂ ಕಾಣ್ತಿರಲಿಲ್ಲ.
ಆ ತೂತು ಮುಚ್ಚುವಾಗ ಇನ್ನೊಂದು ಅವಾಂತರ. ವೆಲ್ಡರ್ ಅರ್ಥ್ ಕ್ಲಾಂಪನ್ನ ಪ್ಲಮರ್ ಬ್ಲಾಕ್ (ಬೇರಿಂಗ್ ಪೆಟ್ಟಿಗಿ) ಬೇಸಿಗೆ ಕಚ್ಚಿಸಿದ್ದ. ಕರೆಂಟ್ ಬೇರಿಂಗಿನೊಳಗಿಂದ ಹಾದು ಹೋಯ್ತು. ಮೂರನೇ ವಾರಕ್ಕ ಬೇರಿಂಗ್ ಕೂಗಾಕ ಹತ್ತಿತು. ಎರಡು ಬೇರಿಂಗ್, ಸ್ಲೀವ್ ಸೇರಿ 52,000. ಅರ್ಥ್ ಇಂಪೆಲ್ಲರಿಗೇ ಹಾಕ್ರಪ್ಪ!

ನಿವೃತ್ತ ಫೋರ್‌ಮನ್:
ಎಲ್ಲ ಓದಿದೆ. ನಮ್ಮ ಕಾಲದಲ್ಲಿ ಅನಲೈಸರ್ (ನಡುಕ, ಫೇಸ್ ಅಳೆಯುವ ಯಂತ್ರ) ಎಲ್ಲಿತ್ತು? ಇಂಪೆಲ್ಲರ್ ಮೇಲೆ 120 ಡಿಗ್ರಿಗೊಂದರಂತೆ ಮೂರು ಗುರುತು, ಒಂದು ಖಾಲಿ ರನ್, ಆಮೇಲೆ ಅದೇ ತೂಕವನ್ನು ಒಂದೊಂದು ಗುರುತಿಗೂ ಹಚ್ಚಿ ಗುರುತಿಗೊಂದು ರನ್. ಕಾಗದದ ಮೇಲೆ ಕಂಪಾಸಿನಿಂದ ವೃತ್ತ ಎಳೆದರೆ ತೂಕವೂ ಬರುತ್ತೆ, ಜಾಗವೂ ಬರುತ್ತೆ. ಫೇಸ್ ಬೇಕಿಲ್ಲ. ಬೇರಿಂಗೂ ಅಷ್ಟೇ. 110 ಎಂಎಂ ಬೋರ್ ಸ್ಫೆರಿಕಲ್ ರೋಲರ್, ನಟ್ ಬಿಗಿಯುವಾಗ ಫೀಲರ್ ಗೇಜ್ ಹಾಕಿ 50ರಿಂದ 70 ಮೈಕ್ರಾನ್ ಕ್ಲಿಯರೆನ್ಸ್ (ರೋಲರಿನ ಸಂದು) ಕಡಿಮೆ ಆಯಿತೇ ನೋಡಬೇಕು. ಈಗಿನ ಹುಡುಗರು ಸುತ್ತಿಗೆಯಲ್ಲಿ ಬಡಿದು ‘ಟೈಟ್ ಆಯ್ತು ಸರ್’ ಅಂತಾರೆ.

ಹುಬ್ಬಳ್ಳಿ ಬ್ಯಾಲೆನ್ಸಿಂಗ್:
ಅಜ್ಜಾರ, ನಾಲ್ಕ ರನ್ ಅಂದ್ರ ನಾಲ್ಕ ಸ್ಟಾರ್ಟ್. 250 ಕಿಲೋವ್ಯಾಟ್ ಮೋಟಾರು, ಇಷ್ಟ ಭಾರದ ಫ್ಯಾನು, ಬಿಸಿ ಇದ್ದಾಗ ಮ್ಯಾಲಿಂದ ಮ್ಯಾಲೆ ಸ್ಟಾರ್ಟ್ ಮಾಡಿದ್ರ ವೈಂಡಿಂಗ್ ಸುಟ್ಟು ಹೋಗತೈತಿ. ಕಟಾವ ಮಾಡಿದ ಕಬ್ಬಿನ ಟ್ರ್ಯಾಕ್ಟರ್ ಯಾರ್ಡಿನಾಗ ಸಾಲ ಹಿಡದು ನಿಂತಾಗ ನಿಮ್ಮ ಕಂಪಾಸ್ ಯಾರ ನೋಡ್ತಾರ?

ನಿವೃತ್ತ ಫೋರ್‌ಮನ್:
ಅಜ್ಜ ಅನ್ನಬೇಡಿ. ನಡುವೆ ಆರಲು ಬಿಡಬೇಕು ಅನ್ನೋದು ಹೇಳಿಕೊಡಬೇಕಾ? ನಾನು ಒಂದು ಮೋಟಾರೂ ಸುಟ್ಟವನಲ್ಲ.

ಗಂಗಾವತಿ ಮಿಲ್:
ಹುಬ್ಬಳ್ಳಿಯವರ, ನನ್ನ ಮಿಲ್ಲಿಗೆ ಬಂದಾವನೂ ನಿಮ್ಮ ಊರಿನಾವ. ಮಧ್ಯಾಹ್ನ ಎರಡಕ್ಕ ಬಂದ, ಐದರ ಬಸ್ಸಿಗೆ ಹೋದ. ಇಂಪೆಲ್ಲರ್ ತೊಳೀತೀವಿ ತಡೀರಿ ಅಂದ್ರ ‘ಬ್ಯಾಡ, ಇದ್ದಂಗ ಮಾಡ್ತೀನಿ’ ಅಂದ.

ಹುಬ್ಬಳ್ಳಿ ಬ್ಯಾಲೆನ್ಸಿಂಗ್:
ಊರಿನಾವರೆಲ್ಲಾ ನಾನ ಏನ್ರಿ? ಬಾಯಿ ಹಿಡದು ಮಾತಾಡ್ರಿ.

ಕುಡ್ಲ ಮಸ್ಕತ್:
ಇಲ್ಲಿ ಒಬ್ಬರೂ ಗ್ರೌಟ್ (ಬೇಸ್ ಕೆಳಗೆ ತುಂಬಿದ ಸಿಮೆಂಟ್) ನೋಡಿದ್ದೀರಾ ಎಂದು ಕೇಳಲಿಲ್ಲ. ನಡುಕದ ಮಿತಿ ಹೇಳುವ ಐಎಸ್‌ಒ 10816-3 (2022ರಿಂದ ಅದರ ಜಾಗದಲ್ಲಿ 20816-3) ಪ್ರಕಾರ 300 ಕಿಲೋವ್ಯಾಟ್ ಒಳಗಿನ ಮಷಿನ್, ಗಟ್ಟಿ ಬುನಾದಿ, 4.5 ದಾಟಿದರೆ ಡಿ ಝೋನ್, ಅಂದರೆ ಮಷಿನ್ ಹಾಳಾಗುವ ಮಟ್ಟ. ಇವರು 9ರಲ್ಲಿ ಓಡಿಸ್ತಾ ಇದ್ದಾರೆ!

ಸುಣ್ಣದಕಲ್ಲು ಕಲಬುರಗಿ:
ಸೀಸನ್ನಿನಾಗ ಸಕ್ಕರಿ ಕಾರ್ಖಾನಿ ಫ್ಯಾನ್ ನಿಲ್ಸಿ ಅನ್ನೋದು ಮಸ್ಕತ್‌ನಾಗ ಕುಂತು ಹೇಳಾಕ ಸುಲಭ.

ಮುಧೋಳ ಬಾಯ್ಲರ್:
ನಿನ್ನೆ ಮಿಲ್ ಕ್ಲೀನಿಂಗಿಗೆ ಎಂಟ ತಾಸು ನಿಲ್ಸಿದ್ರು. ನಾನೂ ಒಬ್ಬ ಫಿಟ್ಟರೂ ಕೇಸಿಂಗಿನ ಬಾಗಲಾ ತಗದು ಒಳಗ ಹೊಕ್ಕವಿ. ಬ್ಲೇಡಿನ ಹಿಂದಿನ ಬದಿ ಒದ್ದಿ ಬೂದಿ ಒಣಗಿ ಗಾರಿ ಹಿಡದಂಗ ಹಿಡದಿತ್ತು. ಉಳಿ ಹಚ್ಚಿ ಕೆತ್ತಿದ್ರ ನಾಲ್ಕ ಕಿಲೋ ಮ್ಯಾಲೆ ಬಂತು, ಅದೂ ಒಂದ ಮಗ್ಗಲ ಜಾಸ್ತಿ, ಇನ್ನೊಂದ ಮಗ್ಗಲ ಉದರಿ ಹೋಗಿತ್ತು. ಮೂರೂ ಸಲದ ವೇಟು ಎಣಿಸಿದ್ವಿ, ಮೂರು ಮೂರು ದಿಕ್ಕಿಗೆ. ಗಾರಿ ಹಿಡದದ್ದರ ಮ್ಯಾಲೇನ ಬ್ಯಾಲೆನ್ಸ್ ಮಾಡ್ಯಾರ. ಗಾರಿ ಉದರಿದ ಕೂಡ್ಲೆ ಅವರು ಹಚ್ಚಿದ ವೇಟ ತಿರಗಿ ಬಿದ್ದೈತಿ. ಎಲ್ಲಾ ವೇಟ ಕಡದು ತಗದು, ಖಾಲಿ ಇಂಪೆಲ್ಲರ್ ಓಡ್ಸಿದ್ರ 3.4 ಬಂತು. ಇಂಪೆಲ್ಲರ್ ಆರ್ಡರ್ ತಡದೀವಿ.
ಈಗ ಸ್ಕ್ರಬ್ಬರಿನಿಂದ ನೀರಿನ ಹನಿ ದಾಟಿ ಬರೂದು ತಡೀಬೇಕು. ಡೆಮಿಸ್ಟರ್ ಹಾಕಿಸಿದವರು ಯಾರರೆ ಅದಾರೇನು? ಎಷ್ಟ ಖರ್ಚ ಬಂತು?

ಹುಬ್ಬಳ್ಳಿ ಬ್ಯಾಲೆನ್ಸಿಂಗ್:
ಗಾರಿ ಮ್ಯಾಲೆ ಬ್ಯಾಲೆನ್ಸ್ ಮಾಡಿದಾವ ಯಾರು? ಹೆಸರ ನನಗ ಖಾಸಗಿಯಾಗಿ ಕಳಸ್ರಿ.

ಗಂಗಾವತಿ ಮಿಲ್:
ಐದರ ಬಸ್ಸಿಗೆ ಹೋದಾವನ ಇರಬೇಕು.

ನಿವೃತ್ತ ಫೋರ್‌ಮನ್:
3.4 ಬಂದ ಮೇಲೆ ಸುಮ್ಮನೆ ಬಿಡಬೇಡಿ. ಮುಂದಿನ ನಿಲುಗಡೆಗೆ ಕಂಪಾಸ್ ತಗೊಳ್ಳಿ, ನಾನು ಫೋನಿನಲ್ಲೇ ಹೇಳಿಕೊಡ್ತೀನಿ.

ಹುಬ್ಬಳ್ಳಿ ಬ್ಯಾಲೆನ್ಸಿಂಗ್:
ಶುರುವಾತು ನೋಡ್ರಿ ಅಜ್ಜಾರದು.