ಪದಚರ್ಚೆ: ಕಾಬ್ಲರ್‌ನ ಹಿಟ್ಟನ್ನು ನಾದುವುದೋ, ತಿಕ್ಕುವುದೋ, ಹೊಸಕುವುದೋ?

ಬಳಗದವರಿಗೆ ನಮಸ್ಕಾರ.

ಅಮೆರಿಕದ ಜಾರ್ಜಿಯಾ ರಾಜ್ಯದ ಕನ್ನಡಿಗರು ಹೊರತರುತ್ತಿರುವ ಸ್ಮರಣ ಸಂಚಿಕೆಯೊಂದರ ಅಡುಗೆ ಪುಟಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಆ ಸೀಮೆಯ ಮನೆ ಮನೆಯ ಸಿಹಿಯಾದ ಪೀಚ್ ಕಾಬ್ಲರ್ (ಹಣ್ಣಿನ ಹೋಳು, ಹಿಟ್ಟು ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಓವನ್ನಿನಲ್ಲಿ ಬೇಕ್ ಮಾಡುವ ತಿಂಡಿ) ಮಾಡುವ ಬಗೆಯೂ ಇದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ ಬರಹ. 'ಹಿಟ್ಟು' ಎಂಬ ಒಂದೇ ಮಾತು ಅಲ್ಲಿ ಮೂರು ಬೇರೆ ಬೇರೆ ವಸ್ತುಗಳಿಗೆ ನಿಂತಿದೆ. ಬೆಣ್ಣೆ ಸೇರಿಸುವ ಕಡೆ 'ಚೆನ್ನಾಗಿ ನಾದಿ' ಎಂದಿದೆ. ಮೊದಲನೆಯದು ಬರಿಯ ಗೊಂದಲ, ಎರಡನೆಯದು ತಿಂಡಿಯನ್ನೇ ಕೆಡಿಸುತ್ತದೆ. ನಿಮ್ಮ ನೆರವು ಬೇಕಾಗಿರುವುದು ಮುಖ್ಯವಾಗಿ ಈ ಎರಡಕ್ಕೆ.

ಹೆಸರಿನ ವಿಚಾರವನ್ನು ಬೇಗ ಮುಗಿಸಿಬಿಡೋಣ. ಕಾಬ್ಲರ್ ಎಂಬುದನ್ನು ಅರ್ಥ ನೋಡಿ ಅನುವಾದಿಸಲು ಹೋದರೆ ಚಪ್ಪಲಿ ಹೊಲಿಯುವವರು ಬಂದು ನಿಲ್ಲುತ್ತಾರೆ. ಅವರಿಗೂ ಈ ತಿಂಡಿಗೂ ನಂಟಿದೆಯೇ ಎಂಬುದು ಇಂಗ್ಲಿಷಿನಲ್ಲೇ ಇತ್ಯರ್ಥವಾಗಿಲ್ಲ. ಮೇಲಿನ ಉಬ್ಬುತಗ್ಗು ಕಲ್ಲು ಹಾಸಿದ ಬೀದಿಯಂತೆ ಕಾಣುತ್ತದೆ, ಅದಕ್ಕೆ ಆ ಹೆಸರು ಎಂದು ಕೆಲವರು; ಹಳೆಯ ಮರದ ಬೋಗುಣಿಯೊಂದರ ಹೆಸರಿನಿಂದ ಬಂದದ್ದು ಎಂದು ಇನ್ನು ಕೆಲವರು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈ ಅರ್ಥ ಅಚ್ಚಿನಲ್ಲಿ ಸಿಗುತ್ತದೆ. ಹುಟ್ಟೇ ಗೊತ್ತಿಲ್ಲದ ಹೆಸರಿಗೆ ನಾವೇಕೆ ನಾಮಕರಣ ಮಾಡಬೇಕು? ಕೇಕ್, ಪಫ್ ಇದ್ದಂತೆ ಇದೂ ಕಾಬ್ಲರ್ ಎಂದೇ ಇರಲಿ. 'ಪೀಚ್ ಹೋಳಿಗೆ' ಎಂಬ ಸಲಹೆಯೂ ಬಂದಿತ್ತು. ಹೋಳಿಗೆಯಲ್ಲಿ ಕಣಕ ಹೂರಣವನ್ನು ಪೂರ್ತಿ ಒಳಗಿಟ್ಟುಕೊಳ್ಳುತ್ತದೆ, ಕಾಬ್ಲರ್‌ನಲ್ಲಿ ಹಣ್ಣಿನ ಮೇಲೆ ಅಲ್ಲಲ್ಲಿ ಕೂತಿರುತ್ತದೆ, ಅಷ್ಟೆ. ಆ ಸಲಹೆಯನ್ನು ಕೈಬಿಟ್ಟಿದ್ದೇನೆ.

ಆದರೆ 'ಪೀಚು ಹಣ್ಣು' ಎಂದು ಉಕಾರ ಹಚ್ಚಿ ಬರೆದಿರುವುದಕ್ಕೆ ನನ್ನ ತಕರಾರಿದೆ. ನಮ್ಮಲ್ಲಿ ಎಳೆಗಾಯಿಗೆ ಹೀಚು ಎನ್ನುತ್ತೇವೆ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪೀಚು ಹೀಚಾಯಿತು. ತಮಿಳಿನಲ್ಲಿ ಇಂದಿಗೂ ಪಿಂಜು. ಹಳೆಯ ರೂಪವೂ ಸತ್ತಿಲ್ಲ: ಬಡಕಲು ಹುಡುಗನನ್ನು ಪೀಚಲು ಎನ್ನುತ್ತೇವೆ. ಹೀಗಿರುವಾಗ 'ಪೀಚು ಹಣ್ಣು' ಎಂದರೆ ಬಲಿಯದೆ ಮುರುಟಿದ ಹಣ್ಣು ಎಂದು ಓದಿಕೊಳ್ಳುವವರಿದ್ದಾರೆ. ವಿಭಕ್ತಿ ಹಚ್ಚಿದರಂತೂ 'ಪೀಚಿನ', 'ಪೀಚನ್ನು' ಎರಡಕ್ಕೂ ಒಂದೇ ಆಗಿಬಿಡುತ್ತವೆ. ಆದ್ದರಿಂದ 'ಪೀಚ್ ಹಣ್ಣಿನ', 'ಪೀಚ್ ಹಣ್ಣನ್ನು' ಎಂದು ಪ್ರತ್ಯಯವನ್ನು ಹಣ್ಣಿಗೆ ಹಚ್ಚುವುದು ಲೇಸು. ಈ ಹಣ್ಣಿಗೆ ಹಿಂದಿಯಲ್ಲಿರುವ 'ಆಡೂ' ಎಂಬ ಹೆಸರು ಹಿಮಾಚಲ, ಉತ್ತರಾಖಂಡಗಳಲ್ಲಿ ಸಲ್ಲುತ್ತದೆ. ನಮ್ಮ ಪಕ್ಕದ ನೀಲಗಿರಿ, ಕೊಡೈಕೆನಾಲ್ ಕಡೆಯಿಂದ ಬರುವ ಹಣ್ಣನ್ನು ಬಲ್ಲ ಕನ್ನಡಿಗರು ಪೀಚ್ ಎಂದೇ ಬಲ್ಲರು.

ಗೊರಟೆಯ ಮಾತು ಬಂದಾಗ ಕರಡಿನಲ್ಲಿ 'ಅಂಟುಕಲ್ಲು ಪೀಚ್', 'ಮುಕ್ತಕಲ್ಲು ಪೀಚ್' ಎಂದಿದೆ. ಇಂಗ್ಲಿಷಿನಲ್ಲಿ ಗೊರಟೆಗೂ ಕಲ್ಲು (ಸ್ಟೋನ್) ಎನ್ನುವುದರಿಂದ ಆದ ಪದಶಃ ಅನುವಾದ. ಓದಿ ನಕ್ಕೆ, ಆದರೆ ವಿಷಯ ನಗೆಯದಲ್ಲ. ಜಾರ್ಜಿಯಾದಲ್ಲಿ ಮೇ ತಿಂಗಳ ನಡುವಿನಲ್ಲಿ ಸುಗ್ಗಿ ಶುರುವಾಗಿ ಆಗಸ್ಟ್‌ವರೆಗೆ ನಡೆಯುತ್ತದೆ. ಮೊದಮೊದಲು ಬರುವ ಹಣ್ಣುಗಳಲ್ಲಿ ತಿರುಳು ಗೊರಟೆಯನ್ನು ಕಚ್ಚಿಕೊಂಡಿರುತ್ತದೆ. ಆಮೇಲಿನವು ಸುತ್ತ ಕುಯ್ದು ತಿರುಚಿದರೆ ಸಲೀಸಾಗಿ ಎರಡು ಹೋಳಾಗುತ್ತವೆ. 1870ರ ದಶಕದಲ್ಲಿ ಮಾರ್ಷಲ್‌ವಿಲ್‌ನ ಸ್ಯಾಮ್ಯುಯೆಲ್ ರಂಫ್ ಬೆಳೆಸಿ, ಹೆಂಡತಿಯ ಹೆಸರಿಟ್ಟ ಎಲ್ಬರ್ಟಾ ತಳಿ ಈ ಎರಡನೆಯ ಬಗೆಯದು. ಆ ಸೀಮೆಯ ಪೀಚ್ ವ್ಯಾಪಾರ ಬೆಳೆದದ್ದೇ ಅದರಿಂದ. ಇಂದು ಅಲ್ಲಿ ಪೀಚ್ ಹೆಸರಿನ ಕೌಂಟಿಯೇ ಇದೆ, 1995ರಿಂದ ಪೀಚ್ ರಾಜ್ಯದ ಅಧಿಕೃತ ಹಣ್ಣೂ ಹೌದು. ಕ್ಯಾಲಿಫೋರ್ನಿಯಾ, ದಕ್ಷಿಣ ಕ್ಯಾರೊಲಿನಾಗಳ ಬೆಳೆ ಇದಕ್ಕಿಂತ ಹೆಚ್ಚು ಎಂಬುದನ್ನು ಅಲ್ಲಿ ಹೇಳದಿರುವುದು ಕ್ಷೇಮ. ಮಾವಿನ ನಾಡಿನ ನಮಗೆ ಕಲ್ಲಿನ ಉಸಾಬರಿ ಬೇಡ: 'ಗೊರಟೆ ಬಿಡುವ ಜಾತಿ', 'ಗೊರಟೆ ಕಚ್ಚುವ ಜಾತಿ' ಎಂದು ತಿದ್ದಿದ್ದೇನೆ. ಓಟೆ, ವಾಟೆ ಎನ್ನುವ ಕಡೆಯವರು ಹಾಗೆ ಓದಿಕೊಳ್ಳಲಿ.

ಈಗ ಹಿಟ್ಟಿಗೆ ಬರುತ್ತೇನೆ. ಡಬ್ಬಿಯಲ್ಲಿರುವುದೂ ಹಿಟ್ಟು, ಚಪಾತಿಗೆ ಕಲಸಿದ್ದೂ ಹಿಟ್ಟು, ದೋಸೆಗೆ ರುಬ್ಬಿದ್ದೂ ಹಿಟ್ಟು. ನಾವು ತಿಂಡಿಯ ಹೆಸರನ್ನು ಮುಂದಿಟ್ಟು ತೊಡಕು ಬಿಡಿಸಿಕೊಳ್ಳುತ್ತೇವೆ. ಹೊಸ ತಿಂಡಿಯಾದರೆ ಆ ದಾರಿ ಮುಚ್ಚುತ್ತದೆ. 'ಕಾಬ್ಲರ್ ಹಿಟ್ಟು' ಎಂದರೆ ಯಾವುದು? ಅಲ್ಲಿಯ ಮನೆಗಳಲ್ಲೇ ಎರಡು ಪದ್ಧತಿಗಳಿವೆ. ಒಂದರಲ್ಲಿ ಬೆಣ್ಣೆ ಕರಗಿಸಿದ ತಟ್ಟೆಗೆ ದೋಸೆಹಿಟ್ಟಿನ ಹದದ್ದನ್ನು ಹೊಯ್ದು, ಮೇಲೆ ಹಣ್ಣು ಹರಡುತ್ತಾರೆ. ಒಲೆಯಲ್ಲಿ ಹಿಟ್ಟು ತಾನೇ ಉಬ್ಬಿ ಹಣ್ಣಿನ ಮೇಲೆ ಬರುತ್ತದೆ. ಇನ್ನೊಂದರಲ್ಲಿ ಹಣ್ಣು ಕೆಳಗೆ, ಮುದ್ದೆಯಂಥದ್ದು ಮೇಲೆ. ಕರಡಿನಲ್ಲಿ ಎರಡೂ ಬೆರೆತು, 'ಹಿಟ್ಟಿಗೆ ಹಿಟ್ಟನ್ನು ಹಾಕಿ ಹಿಟ್ಟು ಮಾಡಿಕೊಳ್ಳಿ' ಎಂಬ ವಾಕ್ಯ ಹುಟ್ಟಿದೆ! ದಕ್ಷಿಣ ಕನ್ನಡದವರ 'ಬಂದ' ಹೊಯ್ಯುವ ಹಿಟ್ಟಿಗೆ ಹೇಳಿಮಾಡಿಸಿದ ಮಾತು, ಆದರೆ ಘಟ್ಟದ ಮೇಲೆ ಅದಕ್ಕೆ ಟಿಪ್ಪಣಿ ಬೇಕಾಗುತ್ತದೆ. ಸದ್ಯಕ್ಕೆ ಒಣಹಿಟ್ಟು, ಕಲಸಿದ ಹಿಟ್ಟು, ಹೊಯ್ಯುವ ಹಿಟ್ಟು ಎಂದು ಕ್ರಿಯೆಯನ್ನು ಮುಂದಿಟ್ಟು ಬರೆದಿದ್ದೇನೆ.

ಕಣಕ ಎನ್ನಬಾರದೇ ಎಂದು ಕೆಲವರು ಕೇಳಬಹುದು. ನನಗೂ ಆಸೆಯಿತ್ತು. ಆದರೆ ಕಣಕ ಎಂದೊಡನೆ ಮಿದಿಯುವುದು, ಎಣ್ಣೆಯಲ್ಲಿ ನೆನೆಸುವುದು, ಎಳೆದರೆ ಹರಿಯದ ಜಿಗಿ, ಎಲ್ಲವೂ ಕೈಗೆ ನೆನಪಾಗುತ್ತವೆ. ಇಲ್ಲಿ ಬೇಕಾದದ್ದು ಅದಕ್ಕೆ ತದ್ವಿರುದ್ಧ. ಜಿಗಿ ಬಂದರೆ ಕಾಬ್ಲರ್‌ನ ಮೇಲ್ಭಾಗ ಚರ್ಮದಂತೆ ಬಿಗಿಯಾಗುತ್ತದೆ.

ಕ್ರಮ ಹೀಗಿದೆ. ಒಂದು ಕಿಲೋದಷ್ಟು ಹಣ್ಣನ್ನು ಕುದಿನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ ತಣ್ಣೀರಿಗೆ ಹಾಕಿದರೆ ಸಿಪ್ಪೆ ಬೆರಳಿಗೇ ಜಾರಿ ಬರುತ್ತದೆ. ಇಲ್ಲಿ 'ಹೆರೆಯಿರಿ' ಎಂದಿದ್ದನ್ನು 'ಸುಲಿಯಿರಿ' ಮಾಡಿದ್ದೇನೆ. ಹೋಳುಗಳಿಗೆ 150 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ನಿಂಬೆರಸ, ಅಷ್ಟೇ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ತುಸು ಜಾಯಿಕಾಯಿ. ಮೇಲಿನದಕ್ಕೆ 190 ಗ್ರಾಂ ಮೈದಾ, ಎರಡು ಸಣ್ಣ ಚಮಚ ಬೇಕಿಂಗ್ ಪೌಡರ್, ಮೂರು ದೊಡ್ಡ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಫ್ರಿಜ್‌ನಿಂದ ಆಗತಾನೇ ತೆಗೆದ 85 ಗ್ರಾಂ ಬೆಣ್ಣೆ. ಬೇಕಿಂಗ್ ಪೌಡರ್ ಇರಬೇಕಾದ ಕಡೆ ಕರಡಿನಲ್ಲಿ 'ಅಡುಗೆ ಸೋಡಾ' ಎಂದಿದೆ. ಆ ಅಳತೆಯಲ್ಲಿ ಸೋಡಾ ಹಾಕಿದರೆ ಬಾಯಿಗಿಡಲಾಗದು. 'ಬೆಣ್ಣೆಯ ಒಂದು ಕಡ್ಡಿ' ಎಂದಿರುವುದು ಹೊಯ್ಯುವ ಪದ್ಧತಿಗೆ ಸೇರಿದ ಅಳತೆ: ಅಮೆರಿಕದ ಅಂಗಡಿಯಲ್ಲಿ 113 ಗ್ರಾಂನ ಉದ್ದನೆಯ ಗಟ್ಟಿಯಾಗಿ ಸಿಗುವ ಬೆಣ್ಣೆ. ಮಜ್ಜಿಗೆಯೂ ನಮ್ಮ ನೀರುಮಜ್ಜಿಗೆಯಲ್ಲ, ಕಡೆದ ಮೊಸರಿನಷ್ಟು ಗಟ್ಟಿ. ಇನ್ನು 'ಮೇಲೆ ಬಿಸ್ಕತ್ತು ಹರಡಿ' ಎಂದು ಓದಿದವರು ಅಂಗಡಿಯ ಬಿಸ್ಕತ್ತಿನ ಪೊಟ್ಟಣ ಒಡೆಯುವುದು ಖಂಡಿತ. ಅಮೆರಿಕದ ದಕ್ಷಿಣದಲ್ಲಿ ಬಿಸ್ಕತ್ತು ಎಂದರೆ ಮೆತ್ತಗೆ ಉಬ್ಬಿದ ಸಣ್ಣ ಬನ್ನಿನಂಥ ತಿನಿಸು; ಕಾಬ್ಲರ್ ಮೇಲೆ ಹಾಕುವುದು ಅದರ ಹಸಿ ಹಿಟ್ಟು.

ಆ ಬೆಣ್ಣೆಯನ್ನು ಮೈದಾದೊಳಕ್ಕೆ ಸೇರಿಸುವ ಕ್ರಿಯೆಯೇ ನನ್ನ ನಿಜವಾದ ಪ್ರಶ್ನೆ. ಇಂಗ್ಲಿಷಿನವರು ಅದಕ್ಕೆ 'ಕತ್ತರಿಸು' ಎನ್ನುತ್ತಾರೆ, ಎರಡು ಚಾಕುಗಳಿಂದ ಹಾಗೆ ಮಾಡುವುದೂ ಉಂಟು. ಕನ್ನಡದಲ್ಲಿ 'ಬೆಣ್ಣೆಯನ್ನು ಹಿಟ್ಟಿನೊಳಗೆ ಕತ್ತರಿಸಿ' ಎಂದರೆ ಯಾರಿಗೂ ತಿಳಿಯದು. ನಡೆಯುವುದು ಇಷ್ಟು: ತಣ್ಣನೆಯ ಬೆಣ್ಣೆಯ ತುಂಡುಗಳನ್ನು ಒಣಹಿಟ್ಟಿನಲ್ಲಿ ಹೊರಳಿಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಉದುರಿಸುತ್ತಾ ಹೋಗಬೇಕು. ಅಂಗೈ ತಾಗಕೂಡದು, ಬೆಣ್ಣೆ ಕರಗುತ್ತದೆ. ಕೊನೆಗೆ ತರಿತರಿಯಾದ ಹುಡಿಯ ನಡುವೆ ಬಟಾಣಿ ಗಾತ್ರದ ಬೆಣ್ಣೆಯ ಚೂರುಗಳು ಕಾಣುತ್ತಿರಬೇಕು. ಒಲೆಯ ಬಿಸಿಗೆ ಆ ಚೂರುಗಳು ಕರಗಿ, ಅವುಗಳ ನೀರು ಹಬೆಯಾಗಿ, ಹಿಟ್ಟು ಪದರು ಪದರಾಗಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಅರ್ಧ ಲೋಟ ಮಜ್ಜಿಗೆ ಹಾಕಿ, ಹಿಟ್ಟು ಒಂದುಗೂಡಿದ ಕೂಡಲೇ ಕೈ ತೆಗೆಯಬೇಕು.

ಇದಕ್ಕೆ 'ನಾದು', 'ಮಿದಿ' ಎರಡೂ ಹೊಂದುವುದಿಲ್ಲ. ಚಕ್ಕುಲಿ, ಕೋಡುಬಳೆಗೆ ಹಿಟ್ಟಿಗೆ ಬೆಣ್ಣೆ ಹಾಕಿ 'ತಿಕ್ಕು' ಎನ್ನುವುದಿದೆ. ಅಲ್ಲಿ ಬೆಣ್ಣೆ ಹಿಟ್ಟಿನಲ್ಲಿ ಪೂರ್ತಿ ಕಾಣೆಯಾಗಬೇಕು, ಇಲ್ಲಿ ಉಳಿಯಬೇಕು. 'ಹೊಸೆ' ಎಂದರೆ ಬತ್ತಿಯಂತೆ ಉದ್ದವಾಗುವ ಭಾವ. ನನ್ನ ಒಲವು 'ಹೊಸಕು' ಕಡೆಗೆ: ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿ ನೋಡುತ್ತೇವಲ್ಲ, ಆ ಬಲ, ಆ ಬೆರಳು. ಪತ್ರಿಕೆಗಳಲ್ಲಿ ಚಳವಳಿಯನ್ನು 'ಹೊಸಕಿ ಹಾಕಿದರು' ಎಂದು ಬರೆದು ಬರೆದು ಆ ಮಾತು ಸ್ವಲ್ಪ ಕ್ರೂರವಾಗಿದೆ ಎಂಬುದೊಂದೇ ಅಡ್ಡಿ.

'ಬೇಕ್ ಮಾಡು' ಎಂಬುದನ್ನು ಮುಟ್ಟಿಲ್ಲ. ಬೇಯಿಸು ಎಂದರೆ ನೀರು ನೆನಪಾಗುತ್ತದೆ, ಸುಡು ಎಂದರೆ ರೊಟ್ಟಿ. ಹಿಂದೆ ಅಮೆರಿಕದ ವಲಸಿಗರು ಕಾಬ್ಲರನ್ನು ಬೀಡುಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರವಿ ಮಾಡುತ್ತಿದ್ದರು. ನಮ್ಮ ಕರಾವಳಿಯ ಕೆಂಡದಡ್ಯೆ ಎಂಬ ತಿಂಡಿಗೂ ಅದೇ ವಿಧಾನ. ಕೆಂಡದ ಆ ಅಡುಗೆಗೆ ಕರಾವಳಿಯವರು ಬೇರೆ ಕ್ರಿಯಾಪದ ಬಳಸುತ್ತಾರಾದರೆ ತಿಳಿಸಿ, ಬೇಕ್ ಬಿಡಲು ಸಿದ್ಧನಿದ್ದೇನೆ. ತಲೆಬರಹದಲ್ಲಿದ್ದ 'ಗೀರಿನಿಂದ ಮಾಡಿದ' ಎಂಬುದನ್ನು ಹೊಡೆದುಹಾಕಿದೆ; ಅದು ಎಲ್ಲವನ್ನೂ ಮೊದಲಿನಿಂದ ತಾವೇ ಮಾಡುವುದಕ್ಕೆ ಇಂಗ್ಲಿಷಿನವರು ಹೇಳುವ 'ಫ್ರಮ್ ಸ್ಕ್ರ್ಯಾಚ್' ಎಂಬುದರ ಪದಶಃ ಅನುವಾದ. ಡಬ್ಬಿಯ ಹಣ್ಣು, ಪೊಟ್ಟಣದ ಕೇಕ್ ಪುಡಿ ಸುರಿದು ಮುಗಿಸುವ ರೂಢಿ ಇರುವಲ್ಲಿ ಆ ವಿಶೇಷಣ ಬೇಕು. ನಮಗೆ 'ಮನೆಯಲ್ಲಿ ಮಾಡಿದ' ಸಾಕು.

ಕೊನೆಯದು, ಬೆಂದದ್ದನ್ನು ತಿಳಿಯುವ ಗುರುತು. 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 40 ನಿಮಿಷ. ಮೇಲೆ ಕೆಂಪಗಾದರೆ ಸಾಲದು, ಅಂಚಿನ ರಸ ಕುದಿದಿರಬೇಕು, ಇಲ್ಲವಾದರೆ ಕಾರ್ನ್‌ಫ್ಲೋರ್ ಗಟ್ಟಿಯಾಗುವುದಿಲ್ಲ. ಮೊದಲು ರಸ ಕೊತಕೊತ ಕುದಿಯುತ್ತದೆ. ಗಟ್ಟಿಯಾದ ಮೇಲೆ ಗುಳ್ಳೆಗಳು ನಿಧಾನವಾಗಿ, ದಪ್ಪಗೆ ಎದ್ದು ಒಡೆಯುತ್ತವೆ. ಅದು ಬೇರೆಯೇ ಸದ್ದು. ಕಾಬ್ಲರ್‌ನ ದಾಯಾದಿಯೊಂದಕ್ಕೆ ಇಂಗ್ಲಿಷಿನಲ್ಲಿ ಹಂದಿಯ ಗುಟುರಿನ ಹೆಸರು (ಗ್ರಂಟ್) ಇರುವುದು ಪಾತ್ರೆಯೊಳಗಿನ ಇಂಥದೇ ಸದ್ದಿನಿಂದ ಎನ್ನುತ್ತಾರೆ. ಅನುಕರಣ ಶಬ್ದಗಳಿಗೆ ಕೊರತೆಯಿಲ್ಲದ ನಮ್ಮಲ್ಲಿ, ಬೆಲ್ಲದ ಪಾಕವೋ ಹಲ್ವವೋ ಗಟ್ಟಿಯಾಗುತ್ತಾ ಕುದಿಯುವ ಸದ್ದಿಗೆ ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ? ಊರಿನ ಹೆಸರಿನೊಂದಿಗೆ ಬರೆಯಿರಿ. 'ಹೊಸಕು' ಬೇಡವೆನ್ನುವವರು ಬದಲಿ ಮಾತನ್ನೂ ಕೊಡಿ.