ದಸರಾ ರಜೆಗೆ ಪುಟ್ಟ ಮಕ್ಕಳ ಜೊತೆ ಮುತ್ತಜ್ಜಿ ಇರೋ ಮನೆಗೆ: ನಮ್ಮ ಅನುಭವ

ಆರು ವರ್ಷದ ಮಗಳು, ಎರಡೂವರೆ ವರ್ಷದ ಮಗನ್ನ ಕರ್ಕೊಂಡು ಬೆಂಗಳೂರಿಂದ ಸಾಗರದ ಹತ್ರ ಗಂಡನ ಮನೆಗೆ ಹೊರಟಿದೀವಿ, ಅಲ್ಲಿ ಅತ್ತೆ ಮಾವ ಜೊತೆಗೆ ತೊಂಬತ್ತರ ಹತ್ರದ ಮುತ್ತಜ್ಜಿನೂ ಇದಾರೆ, ಅವರಿಗೆ ಕಿವಿ ಸರಿಯಾಗಿ ಕೇಳಲ್ಲ, ಹೋದ್ಸಲ ಮಗಳು ಹೆದ್ರಿ ಹತ್ರಾನೇ ಹೋಗ್ಲಿಲ್ಲ, ಮೊಬೈಲ್ ನೆಟ್‌ವರ್ಕ್ ಬೇರೆ ಇಲ್ಲ, ಹೇಗೆ ನಿಭಾಯಿಸೋದು, ಎಷ್ಟು ದಿನ ಇರ್ಬೇಕು ಅಂತ ಕೇಳಿದೀರಿ. ನಮ್ಮದೂ ಅದೇ ಸೀಮೆ, ಹೆಚ್ಚುಕಮ್ಮಿ ಅದೇ ಥರದ ಮನೆ. ಹಾಗಾಗಿ ಉದ್ದ ಆದ್ರೂ ಬರೀತಿದೀನಿ, ನಾದಿನಿ ಮತ್ತು ಓರಗಿತ್ತಿ ಹೇಳಿದ್ದನ್ನೂ ಸೇರಿಸಿದೀನಿ.

ಮೊದಲು ಹೆದರೋ ವಿಷಯ. ಬೋಳು ಬಾಯಿ, ನಡುಗೋ ಕೈ, ಜೋರು ದನಿ, ಇದನ್ನೆಲ್ಲ ವರ್ಷಕ್ಕೊಂದ್ಸಲ ನೋಡೋ ಮಗು ಹಿಂದೆ ಸರಿಯೋದು ಸಹಜ. ಹೋದ ತಕ್ಷಣ ಜಗಲಿ ತುಂಬ ಜನ ನಿಂತ್ಕೊಂಡು "ಹೋಗು, ಮುತ್ತಜ್ಜಿ ಕಾಲಿಗೆ ಬೀಳು, ಮುತ್ತು ಕೊಡು" ಅಂತ ಶುರು ಮಾಡ್ತಾರಲ್ಲ, ಅದನ್ನ ನೀವೇ ತಡೀಬೇಕು. ನೀವು ನಮಸ್ಕಾರ ಮಾಡಿ, ಅವರ ಪಕ್ಕ ಕೂತ್ಕೊಳ್ಳಿ, ಕೈ ಹಿಡ್ಕೊಂಡು ಮಾತಾಡಿ, ಮಗು ನಿಮ್ಮ ಬೆನ್ನ ಹಿಂದೆ ಇದ್ರೂ ಇರ್ಲಿ. ಅಮ್ಮ ಮುಟ್ಟಿ ಮಾತಾಡೋರನ್ನ ಮಕ್ಕಳು ಬೇಗ ನಂಬ್ತವೆ. ಮುತ್ತಜ್ಜಿ ಬೇಜಾರು ಮಾಡ್ಕೊಳ್ತಾರೆ ಅನ್ನೋ ಭಯ ಬೇಡ, ಅಷ್ಟೊಂದು ಮಕ್ಕಳು ಮೊಮ್ಮಕ್ಕಳನ್ನ ಎತ್ತಿ ಆಡಿಸಿದೋರು ಅವರು, ಬೇಜಾರು ಮಾಡ್ಕೊಳ್ಳೋದು ಸುತ್ತ ನಿಂತ ನಮ್ಮಂಥೋರೇ.

ಆಮೇಲೆ ನಮ್ಮನೇಲಿ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಅಂದ್ರೆ ಮಗೂಗೆ ಮುತ್ತಜ್ಜಿ ಹತ್ರ ಒಂದು ಕೆಲಸ ಕೊಡೋದು. "ಹೋಗಿ ಮಾತಾಡ್ಸು" ಅಂದ್ರೆ ಆರು ವರ್ಷದ ಮಗು ಏನಂತ ಮಾತಾಡುತ್ತೆ ಹೇಳಿ? ನಮ್ಮ ಮುತ್ತಜ್ಜಿಗೆ ಹಲ್ಲಿಲ್ಲ, ಆದ್ರೆ ಊಟ ಆದ್ಮೇಲೆ ಕವಳ ಬೇಕೇ ಬೇಕು, ಅದಕ್ಕೆ ಒಂದು ಸಣ್ಣ ಕಬ್ಬಿಣದ ಕುಟ್ಟಾಣಿ ಇದೆ. ಅದರಲ್ಲಿ ಎಲೆ ಅಡಿಕೆ ಕುಟ್ಟೋ ಕೆಲಸ ಮಗಳಿಗೆ ಬಂತು. ಎಲೆ ಒರೆಸಿ, ತೊಟ್ಟು ಮುರಿದು, ನಾರು ತೆಗೆದು, ಚೂರು ಮಾಡಿ ಹಾಕ್ತಿದ್ಲು. ಠಣ್ ಠಣ್ ಅಂತ ಕುಟ್ಟೋದು, ಆಮೇಲೆ ಬೆರಳಲ್ಲಿ ಸ್ವಲ್ಪ ತೆಗ್ದು ತೋರ್ಸೋದು, ಮುತ್ತಜ್ಜಿ ಮುಟ್ಟಿ ನೋಡಿ ಇನ್ನೂ ನುಣ್ಣಗಾಗ್ಬೇಕು ಅಂತ ಕೈಸನ್ನೆ ಮಾಡೋದು, ಇವಳು ಮತ್ತೆ ಕುಟ್ಟೋದು. ಸುಣ್ಣ, ಹೊಗೆಸೊಪ್ಪಿನ ಡಬ್ಬಿ ಮಾತ್ರ ಮುತ್ತಜ್ಜಿ ಮಡಿಲಲ್ಲೇ ಇರ್ತಿತ್ತು, ಅದನ್ನ ಇವಳು ಮುಟ್ಟೋ ಹಾಗಿಲ್ಲ ಅಂತ ಮೊದಲೇ ಹೇಳಿದ್ವಿ. ಎರಡು ದಿನ ಆದ್ಮೇಲೆ ಊಟದ ಎಲೆ ತೆಗೆಯೋಕೂ ಬಿಡದೆ ಕುಟ್ಟಾಣಿ ಹುಡುಕ್ಕೊಂಡು ಓಡ್ತಿದ್ಲು, ಹೆದರಿಕೆ ಯಾವಾಗ ಹೋಯ್ತು ಅಂತ ನಮಗೆ ಗೊತ್ತೇ ಆಗ್ಲಿಲ್ಲ.

ನಿಮ್ಮನೇಲಿ ಕವಳದ ಅಭ್ಯಾಸ ಇಲ್ದಿದ್ರೆ ನವರಾತ್ರಿ ಹೊತ್ತಲ್ಲಿ ಹತ್ತಿ ಕೆಲಸ ಇದ್ದೇ ಇರುತ್ತೆ. ಬತ್ತಿ ಹೊಸೆಯೋದು, ಗೆಜ್ಜೆವಸ್ತ್ರ ಮಾಡೋದು. ಕಣ್ಣು ಮಂಜಾದ್ರೂ ಆ ಬೆರಳುಗಳಿಗೆ ಅದು ಬರುತ್ತೆ. ದೊಡ್ಡವಳು ಕಲೀಬಹುದು, ಎರಡೂವರೆ ವರ್ಷದೋನು ಹತ್ತಿ ಬಿಡಿಸಿ ಕೊಡ್ತೀನಿ ಅಂತ ಮನೆಯೆಲ್ಲ ಹರಡಿದ್ರೂ ನಡಿಯುತ್ತೆ.

ಚೆನ್ನೆಮಣೆ ಅಟ್ಟದ ಮೇಲೆ ಇದೆಯಾ ಅಂತ ಮಾವನ ಹತ್ರ ಕೇಳಿ ನೋಡಿ. ಆಕಡೆ ಏಳು ಈಕಡೆ ಏಳು ಗುಳಿ, ಗುಳಿಗೆ ನಾಲ್ಕು ನಾಲ್ಕು ಕಾಯಿ. ಇದಕ್ಕೆ ಕಿವಿ ಬೇಡ, ಭಾಷೆಯೂ ಬೇಡ. ಓರಗಿತ್ತಿ ಅಮೆರಿಕದಿಂದ ಬಂದಾಗ ಅವಳ ಮಗನಿಗೆ ಕನ್ನಡ ಅರ್ಥ ಆಗ್ತಿತ್ತು, ಮಾತಾಡೋಕೆ ಬರ್ತಿರ್ಲಿಲ್ಲ, ಮುತ್ತಜ್ಜಿಗೋ ಕಿವಿ ಇಲ್ಲ, ಆದ್ರೂ ಮಧ್ಯಾಹ್ನ ಪೂರ್ತಿ ಇಬ್ಬರೂ ಮಣೆ ಮುಂದೆ ಕೂತಿರ್ತಿದ್ರು, ಅವನು ಕಾಯಿ ತಪ್ಪು ಹಾಕಿದ್ರೆ ಮುತ್ತಜ್ಜಿ ಕೈಮೇಲೆ ಪಟ್ ಅಂತ ಹೊಡೀತಿದ್ರು, ಅವನು ಬಿದ್ದು ಬಿದ್ದು ನಗ್ತಿದ್ದ. ಕಾಯಿಗಳನ್ನ ಮಾತ್ರ ಸಣ್ಣೋನ ಕೈಗೆ ಸಿಗದ ಹಾಗೆ ಲೆಕ್ಕ ಮಾಡಿ ಎತ್ತಿಡಿ, ಬಾಯಿಗೆ, ಮೂಗಿಗೆ ಹಾಕ್ಕೊಳ್ಳೋ ವಯಸ್ಸು ಅದು. ಗುಲಗಂಜಿ ಇದ್ರಂತೂ ಬೇಡ್ವೇ ಬೇಡ, ಅದು ವಿಷ, ಬದಲಿಗೆ ಹುಣಸೆ ಬೀಜ ಇಟ್ಕೊಳ್ಳಿ.

ಕಿವಿ ಬಗ್ಗೆ ಒಂದು ಮಾತು. ವಯಸ್ಸಾದಾಗ ಸಾಮಾನ್ಯವಾಗಿ ಮೊದಲು ಕಮ್ಮಿ ಆಗೋದು ಕೀರಲು ಸ್ವರ ಕೇಳೋ ಶಕ್ತಿ, ಅಂದ್ರೆ ಮಕ್ಕಳ ದನಿಯೇ ಅವರಿಗೆ ಹೆಚ್ಚು ಕಷ್ಟ. ಮಗು ಕಿರುಚಿದಷ್ಟೂ ಕೇಳೋದು ಕಮ್ಮಿ, ಆಮೇಲೆ "ಮುತ್ತಜ್ಜಿ ನನ್ಹತ್ರ ಮಾತಾಡಲ್ಲ" ಅಂತ ಇದಕ್ಕೆ ಬೇಜಾರು. ಎದುರಿಗೆ ಕೂತು, ಮುಖ ಕಾಣೋ ಹಾಗೆ, ನಿಧಾನಕ್ಕೆ, ಚಿಕ್ಕ ಚಿಕ್ಕ ಮಾತಲ್ಲಿ ಹೇಳೋದನ್ನ ಮನೇಲೇ ಆಟದ ಥರ ಪ್ರಾಕ್ಟೀಸ್ ಮಾಡ್ಸಿ. ಯಾವ ಕಿವಿ ಚೆನ್ನಾಗಿದೆ ಅಂತ ಅತ್ತೆಗೆ ಗೊತ್ತಿರುತ್ತೆ, ಆ ಕಡೆ ಕೂರಿಸಿ. ಟಿವಿ, ಮಿಕ್ಸಿ ಓಡ್ತಿದ್ರೆ ಏನೂ ಕೇಳಲ್ಲ ಅವರಿಗೆ.

ಈಗ ನಿಮ್ಮ ಪ್ರಶ್ನೇಲಿ ಇಲ್ದೇ ಇರೋ ಒಬ್ಬರ ಬಗ್ಗೆ ಹೇಳ್ಬೇಕು, ನಿಮ್ಮ ಅತ್ತೆ. ಅವರಿಗೂ ಅರವತ್ತು ಅರವತ್ತೈದು ದಾಟಿರಬಹುದು, ವರ್ಷವಿಡೀ ಆ ಮುತ್ತಜ್ಜಿಗೆ ಸ್ನಾನ, ಮಾತ್ರೆ, ರಾತ್ರಿ ಬಾತ್‌ರೂಮಿಗೆ ಎಬ್ಬಿಸೋದು ಎಲ್ಲ ಅವರೇ ನೋಡ್ತಿರ್ತಾರೆ. ಅದರ ಮೇಲೆ ನಾವು ನಾಲ್ಕು ಜನ ಹೋಗಿ ಇಳಿದ್ರೆ ಬೆಳಗ್ಗೆ ತೆಳ್ಳೇವು, ಮಧ್ಯಾಹ್ನ ಹಬ್ಬದಡುಗೆ, ಸಂಜೆ ಮಕ್ಕಳಿಗೆ ತಿಂಡಿ, ಅವರು ಒಲೆ ಮುಂದಿಂದ ಏಳೋದೇ ಇಲ್ಲ, ಮೊಮ್ಮಕ್ಕಳು ಬಂದಿದ್ದು ಖುಷಿಯೇ ಆದ್ರೂ ಮೈ ಕೇಳ್ಬೇಕಲ್ಲ. ಮುತ್ತಜ್ಜಿ ಹತ್ರ ಮಕ್ಕಳಿಗೆ ಕೆಲಸ ಕೊಡಿ ಅಂತ ನಾನು ಇಷ್ಟು ಒತ್ತಿ ಹೇಳೋಕೆ ಇದೂ ಕಾರಣ. ಮಧ್ಯಾಹ್ನ ಮಗು ಮುತ್ತಜ್ಜಿ ಹತ್ರ ಕೂತ್ರೆ, ಪಕ್ಕದಲ್ಲಿ ನೀವೋ ನಿಮ್ಮ ಯಜಮಾನ್ರೋ ಇದ್ರೆ ಅತ್ತೆ ಒಂದು ಗಂಟೆ ನೆಮ್ಮದಿಯಾಗಿ ಮಲಗ್ತಾರೆ. ನಮ್ಮನೇಲಿ ನನ್ನ ಗಂಡ ಊರು ತಲುಪಿದ ದಿನದಿಂದಲೇ ತಮ್ಮ ಅಜ್ಜಿಯ ರಾತ್ರಿ ಸರದಿ ತಗೋತಾರೆ, ಬೆಳಗಿನ ತಿಂಡಿ ನನ್ನದು. ಒಂದು ದಿನ ಅತ್ತೆ ಮಾವ ಇಬ್ಬರನ್ನೂ ತವರಿಗೋ ವರದಳ್ಳಿ ಆಶ್ರಮಕ್ಕೋ ಕಳಿಸಿ ಮನೆ ನೀವೇ ನೋಡ್ಕೊಳ್ಳಿ, ಅತ್ತೆಗೆ ನೀವು ಒಯ್ಯೋ ಸೀರೆಗಿಂತ ಇದು ದೊಡ್ಡದು.

ಎಚ್ಚರಿಕೆ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಹಿರಿಯರು ಮಾತ್ರ ಇರೋ ಮನೇಲಿ ಎರಡೂವರೆ ವರ್ಷದ ಮಗುವಿನ ಎತ್ತರಕ್ಕೆ ಏನೇನಿದೆ ಅಂತ ಯಾರೂ ನೋಡಿರಲ್ಲ. ನಾನು ಮೊದಲು ನೋಡೋದು ಮುತ್ತಜ್ಜಿ ಮಂಚದ ಪಕ್ಕದ ಸ್ಟೂಲ್. ಬಿಪಿ ಮಾತ್ರೆ, ಶುಗರ್ ಮಾತ್ರೆ ಬಣ್ಣ ಬಣ್ಣದ್ದು ಅಲ್ಲೇ ಇರ್ತವೆ, ಮಗು ಒಂದು ನುಂಗಿದ್ರೂ ಅಪಾಯ. ಹೋದ ದಿನವೇ ಎತ್ತರಕ್ಕೆ ಇಡಿ, ಎಲ್ಲಿಟ್ರಿ ಅಂತ ಅತ್ತೆಗೆ ಹೇಳಿ. ಸುಣ್ಣದ ಡಬ್ಬಿ ಎರಡನೇದು. ಸುಣ್ಣ ಕಣ್ಣಿಗೆ ಬಿದ್ರೆ ಉಜ್ಜೋಕೆ ಬಿಡದೆ ತಕ್ಷಣ ಧಾರಾಳವಾಗಿ ನೀರು ಹಾಕಿ ತೊಳೀತಾನೇ ಆಸ್ಪತ್ರೆಗೆ ಹೊರಡ್ಬೇಕು. ಬಚ್ಚಲಮನೆ ಹಂಡೆ, ಬಾವಿಕಟ್ಟೆ, ತೋಟಕ್ಕೆ ಹೋಗೋ ದಾರಿಯ ಸಂಕ (ಕಾಲುಸೇತುವೆ), ಇವು ನಿಮಗೆ ಗೊತ್ತಿರೋದೇ. ದಸರಾ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿದ್ರೆ ಅಂಗಳದಲ್ಲಿ ಸುಲಿಯೋ ಮೆಟ್ಟುಗತ್ತಿಗಳು ಸಾಲಾಗಿರ್ತವೆ, ಆ ಕಡೆ ಸಣ್ಣೋನನ್ನ ಬಿಡ್ಬೇಡಿ. ಇಂಬಳ (ಜಿಗಣೆ) ಅಂತೂ ಹತ್ತೇ ಹತ್ತುತ್ತೆ, ಉಪ್ಪಿನ ಗಂಟು ಜೊತೇಲಿರ್ಲಿ, ನೀವು ಕಿರುಚ್ದೆ ತೆಗೆದ್ರೆ ಮಕ್ಕಳೂ ಕಿರುಚಲ್ಲ.

ಬೇಸಿಗೆ ರಜೆಗೂ ಹೋಗೋರಾದ್ರೆ ಮಂಗನ ಕಾಯಿಲೆ ವಿಷಯ ಮರೀಬೇಡಿ. 1957ರಲ್ಲಿ ಅದು ಮೊದಲು ಪತ್ತೆಯಾಗಿದ್ದೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಎಷ್ಟೋ ಮನೆಗಳು ಅದರಿಂದ ನೊಂದವು. ಡಿಸೆಂಬರಿಂದ ಮೇ ತನಕ ಅದರ ಕಾಲ, ಉಣುಗು (ಉಣ್ಣೆ ಹುಳ) ಕಚ್ಚಿ ಬರೋದು. ಆ ತಿಂಗಳುಗಳಲ್ಲಿ ಮಕ್ಕಳನ್ನ ಕಾಡಂಚಿಗೆ, ದರಗಿನ (ಒಣಗಿದೆಲೆ) ರಾಶಿ ಹತ್ರ ಆಡೋಕೆ ಬಿಡ್ಬೇಡಿ, ಸಂಜೆ ಬಿಸಿನೀರಲ್ಲಿ ಸ್ನಾನ ಮಾಡ್ಸಿ ಕಿವಿ ಹಿಂದೆ, ಕಂಕುಳು ಎಲ್ಲ ನೋಡಿ, ಎಲ್ಲಾದ್ರೂ ಮಂಗ ಸತ್ತಿದೆ ಅಂತ ಸುದ್ದಿ ಬಂದ್ರೆ ಆಶಾ ಕಾರ್ಯಕರ್ತೆಗೆ ತಿಳ್ಸಿ.

ಇನ್ನೊಂದು ಕಡೆಯಿಂದಲೂ ಯೋಚನೆ ಮಾಡಿ. ಹೊರಡೋ ಮುಂಚೆ ಮಕ್ಕಳಿಗೆ ಜ್ವರ, ಕೆಮ್ಮು ಇದ್ರೆ ನಾಲ್ಕು ದಿನ ಮುಂದೂಡಿ, ಯಾರು ಏನಂದ್ರೂ ಸರಿ. ಸ್ಕೂಲಿಂದ ತಂದ ನೆಗಡಿ ಮಕ್ಕಳಿಗೆ ಎರಡು ದಿನದ್ದು, ಆ ವಯಸ್ಸಿನೋರಿಗೆ ನ್ಯುಮೋನಿಯಾ ತನಕ ಹೋಗ್ಬಹುದು. ನಾದಿನಿ ಒಂದ್ಸಲ ಶಿವಮೊಗ್ಗದ ತನಕ ಬಂದು ಮಗಳಿಗೆ ಕೆಮ್ಮು ಜಾಸ್ತಿ ಆಯ್ತು ಅಂತ ಅಲ್ಲೇ ನೆಂಟರ ಮನೇಲಿ ಉಳ್ಕೊಂಡು, ವಾಸಿ ಆದ್ಮೇಲೆ ಬಂದ್ಲು. ಆಗ ಊರಲ್ಲಿ ಕೆಲವರು ಮಾತಾಡ್ಕೊಂಡ್ರು, ನನಗಂತೂ ಅವಳು ಮಾಡಿದ್ದು ಪೂರ್ತಿ ಸರಿ ಅನ್ಸುತ್ತೆ.

ಊಟದ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಹಸಿವಾದ್ರೆ ಮಜ್ಜಿಗೆ ಅನ್ನ ತಿಂತವೆ. ಅಜ್ಜಿ ಕೊಡೋ ಸಿಹಿ ನಾಲ್ಕು ದಿನಕ್ಕೆ ಬೇಡ ಅನ್ನೋದು ಬೇಡ. ಆದ್ರೆ ಒಂದು ವರ್ಷ ತುಂಬದ ಕೂಸು ಜೊತೇಲಿದ್ರೆ ಯಾರು ಎಷ್ಟು ಪ್ರೀತಿಯಿಂದ ತಂದ್ರೂ ಜೇನುತುಪ್ಪ ನೆಕ್ಕಿಸೋಕೆ ಬಿಡ್ಬಾರ್ದು, ಡಾಕ್ಟರ್ ಹೇಳಿದಾರೆ ಅಂತ ಹೇಳ್ಬಿಡಿ, ಅದು ನಿಜವೂ ಹೌದು.

ನೆಟ್‌ವರ್ಕ್ ಇಲ್ಲ ಅಂತ ಚಿಂತೆ ಮಾಡಿದೀರಿ. ಮೊದಲ ದಿನ ರಗಳೆ ಮಾಡ್ತಾರೆ, ಎರಡನೇ ದಿನ ಕರು ಹಿಂದೆ ಓಡ್ತಾರೆ. ಫೋನನ್ನ ನೀವು ಬೇರೆ ಕೆಲಸಕ್ಕೆ ಇಟ್ಕೊಳ್ಳಿ, ಮುತ್ತಜ್ಜಿ ದನಿ ರೆಕಾರ್ಡ್ ಮಾಡೋಕೆ. "ಏನಾದ್ರೂ ಹೇಳಿ" ಅಂದ್ರೆ ಅವರು ಸುಮ್ನಾಗ್ತಾರೆ, ಹಳೇ ಫೋಟೋ ಕೈಗೆ ಕೊಟ್ಟು ಮಗು ಕೈಲಿ "ಇದು ಯಾರು" ಅಂತ ಕೇಳ್ಸಿ, ಆಗ ಮಾತು ಬರುತ್ತೆ. ಲಿಂಗನಮಕ್ಕಿ ಡ್ಯಾಮ್ 1964ರಲ್ಲಿ ಆಯ್ತಲ್ಲ, ಆಗ ನೀರಲ್ಲಿ ಮುಳುಗಿದ ಊರುಗಳ ಬಗ್ಗೆ ಕೇಳಿ ನೋಡಿ, ಆ ಸೀಮೆಯ ಆ ವಯಸ್ಸಿನೋರಲ್ಲಿ ಮನೆ ಬಿಟ್ಟು ಗಂಟುಮೂಟೆ ಕಟ್ಕೊಂಡು ಬಂದ ನೆಂಟರಿಲ್ಲದೋರು ಕಮ್ಮಿ.

ಎಷ್ಟು ದಿನ ಅಂದ್ರೆ, ಒಂದು ವಾರಕ್ಕಿಂತ ಕಮ್ಮಿ ಬೇಡ ಅಂತ ನನ್ನ ಅಭಿಪ್ರಾಯ. ಮೊದಲ ಎರಡು ಮೂರು ದಿನ ಮಕ್ಕಳಿಗೆ ಜಾಗ, ಜನ ಹೊಂದಿಕೊಳ್ಳೋಕೇ ಹೋಗುತ್ತೆ, ಹೊಂದಿಕೊಂಡ ಹೊತ್ತಿಗೆ ಬ್ಯಾಗ್ ಪ್ಯಾಕ್ ಮಾಡಿದ್ರೆ ಏನು ಬಂತು. ಜೋಗಕ್ಕೊಂದು ದಿನ, ಇಕ್ಕೇರಿ ಕೆಳದಿಗೊಂದು ದಿನ ಅಂತ ಪ್ಲಾನ್ ತುಂಬ್ಸಿದ್ರೆ ಮನೇಲಿ ಇರೋದು ರಾತ್ರಿ ಮಾತ್ರ, ಒಂದು ಸುತ್ತಾಟ ಸಾಕು.

ಹೊರಡೋ ದಿನದ್ದು ಒಂದಿದೆ. ಮುತ್ತಜ್ಜಿ "ಮುಂದಿನ ಸಲ ಆನು ಇರ್ತ್ನ ಇಲ್ಯ" (ನಾನು ಇರ್ತೀನೋ ಇಲ್ವೋ) ಅಂತ ಕಣ್ಣೀರು ಹಾಕ್ತಾರೆ, ಮಗಳು ದಾರೀಲಿ "ಮುತ್ತಜ್ಜಿ ಸಾಯ್ತಾರಾ" ಅಂತ ಕೇಳ್ತಾಳೆ. "ಛೇ, ಹಾಗೆಲ್ಲ ಅನ್ಬಾರ್ದು" ಅಂತ ಬಾಯಿ ಮುಚ್ಚಿಸ್ಬೇಡಿ. ಅವರಿಗೆ ತುಂಬ ವಯಸ್ಸಾಗಿದೆ, ಒಂದಿನ ಸಾಯ್ತಾರೆ, ಯಾವಾಗ ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೇ ನಾವು ಪ್ರತಿ ರಜೆಗೆ ಬರೋದು ಅಂತ ನಾನು ಹೇಳಿದ್ದೆ. ಸ್ವಲ್ಪ ಅತ್ಲು, ಆಮೇಲೆ ಬೇಸಿಗೆ ರಜೆ ಯಾವಾಗ ಅಂತ ಕೇಳಿದ್ಲು.

ಟಿಕೆಟ್ ಬಗ್ಗೆ ಕೊನೇದಾಗಿ. ರಾತ್ರಿಯ ತಾಳಗುಪ್ಪ ಟ್ರೈನ್ ಮಕ್ಕಳಿಗೆ ಬಸ್ಸಿಗಿಂತ ಆರಾಮು, ವಾಂತಿ ಕಾಟ ಇಲ್ಲ, ಸ್ಟೇಷನ್ ಹೆಸರು ಸಾಗರ ಜಂಬಗಾರು ಅಂತ ಹುಡುಕಿ. ಐದು ವರ್ಷ ತುಂಬದ ಸಣ್ಣೋನಿಗೆ ಬೇರೆ ಬರ್ತ್ ಬೇಡ ಅಂದ್ರೆ ಟಿಕೆಟ್ ಬೇಡ, ಮಗಳಿಗೆ ಅರ್ಧ ಟಿಕೆಟ್ ತಗೊಂಡ್ರೆ ಬರ್ತ್ ಸಿಗಲ್ಲ, 2016ರಿಂದ ಬರ್ತ್ ಬೇಕಂದ್ರೆ ಪೂರ್ತಿ ದುಡ್ಡು. ರಾತ್ರಿ ಪ್ರಯಾಣಕ್ಕೆ ಪೂರ್ತಿ ಕೊಟ್ಟೇ ತಗೊಳ್ಳಿ. ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ಓಪನ್ ಆಗೋದು, ದಸರಾ ಸಮಯದಲ್ಲಿ ಆವತ್ತು ಬೆಳಗ್ಗೆಯೇ ಮುಗಿದುಹೋಗುತ್ತೆ, ಹೋಗೋದು ಬರೋದು ಎರಡೂ ತಾರೀಕು ಕ್ಯಾಲೆಂಡರಲ್ಲಿ ಗುರುತು ಮಾಡಿಟ್ಕೊಳ್ಳಿ.