ಸಹಾಯ ಬೇಕು: ಸೋಫಾ ಬಟ್ಟೆಯ ಮೇಲಿನ ಅರಿಶಿನದ ಕಲೆ

ಎಲ್ಲರಿಗೂ ನಮಸ್ಕಾರ. ನಮ್ಮ ತಿಳಿಗಂದು ಬಣ್ಣದ ಹತ್ತಿಬಟ್ಟೆಯ ಸೋಫಾದ ಮೇಲೆ ಹುಳಿ ಚೆಲ್ಲಿದೆ. ಬೇಳೆ, ತರಕಾರಿಯನ್ನು ಚಮಚದಿಂದ ಎತ್ತಿ, ಉಜ್ಜದೆ ಒಣಬಟ್ಟೆಯಿಂದ ಒತ್ತಿ ತೆಗೆದೆವು. ಒಗ್ಗರಣೆ ಎಣ್ಣೆಯ ಜಿಡ್ಡು ಕಾರ್ನ್‌ಫ್ಲೋರ್ ಉದುರಿಸಿದ ಮೇಲೆ ಬಹುಮಟ್ಟಿಗೆ ಹೋಯಿತು. ಉಳಿದಿರುವುದು ಅರಿಶಿನದ ಕಲೆ. ಸೋಪಿನ ನೀರು ತಾಗಿದೊಡನೆ ಅದು ಕೆಂಪಾಯಿತು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ಸೇರಿದರೆ ಕೆಂಪಾಗುತ್ತದೆ ಎಂಬುದು ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದನ್ನು ಕಂಡವರಿಗೆಲ್ಲ ಗೊತ್ತಿರುವುದರಿಂದ ಗಾಬರಿಯಾಗಲಿಲ್ಲ. ನೀರು ಬೆರೆಸಿದ ಬಿಳಿ ವಿನೆಗರ್ ಹಚ್ಚಿದಾಗ ಕೆಂಪು ಮತ್ತೆ ಹಳದಿಗೆ ತಿರುಗಿತೇ ಹೊರತು ಕಲೆ ಮಾಸಲಿಲ್ಲ.

ಬಿಡಿಬಟ್ಟೆಯಾಗಿದ್ದರೆ ಬಿಸಿಲಿಗೆ ಹಾಕುತ್ತಿದ್ದೆವು, ಅರಿಶಿನಕ್ಕೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಆದರೆ ಈ ಹೊದಿಕೆಯನ್ನು ಚೌಕಟ್ಟಿಗೆ ಪಿನ್ ಹೊಡೆದು ಕೂರಿಸಿರುವುದರಿಂದ ಬಿಚ್ಚಲಾಗದು, ಸೋಫಾವನ್ನು ಮಹಡಿಯಿಂದ ಇಳಿಸುವುದೂ ಕಷ್ಟ. ಹೆಚ್ಚು ನೀರು ಹಾಕಿದರೆ ಒಳಗಿನ ಫೋಮ್ ಒಣಗದೆ ಮುಗ್ಗಲು ವಾಸನೆ ಬರುತ್ತದೆಂಬ ಭಯ ಬೇರೆ. ಈಗ ಉಳಿದಿರುವ ದಾರಿ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್. ಅದು ಅರಿಶಿನದ ಜೊತೆಗೆ ಬಟ್ಟೆಯ ಮೂಲ ಬಣ್ಣವನ್ನೂ ತೆಗೆದು ಬಿಳಿ ಮಚ್ಚೆ ಉಳಿಸಬಹುದೇ ಎಂಬುದೇ ನನ್ನ ಗೊಂದಲ.

ಬಣ್ಣದ ಹತ್ತಿಬಟ್ಟೆಯ ಸೋಫಾಕ್ಕೆ ಇದನ್ನು ಬಳಸಿದವರು ಯಾರಾದರೂ ಇದ್ದೀರಾ? ಎಷ್ಟು ಹೊತ್ತು ಬಿಟ್ಟು ಒರೆಸಿದಿರಿ, ಬಟ್ಟೆಯ ಬಣ್ಣ ಉಳಿಯಿತೇ? ದಯವಿಟ್ಟು ತಿಳಿಸಿ.